ರೋಗಿಯ ಚೀಟಿ ಎಲ್ಲರೂ ಓದುವಂತಿರಲಿ



ತೊಗರಿ ಹೂ ಬಿಟ್ಟು ಕಾಯಿಕೊರಕ ಕಾಣಿಸಿತೆಂದರೆ ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಕಡೆಯ ಹೊಲಗಳಲ್ಲಿ ಎಣ್ಣೆ ಹೊಡೆಯುವ ಕೆಲಸ ಶುರುವಾಗುತ್ತದೆ. ಬೆಳಗಿನಿಂದ ಪಂಪು ಹೊತ್ತವನು ಸಂಜೆಗೆ ಬೆವೆತು, ಜೊಲ್ಲು ಸುರಿಸುತ್ತ ದವಾಖಾನೆಗೆ ಬರುವುದು ನಮಗೆ ಹೊಸದಲ್ಲ. ಅಲ್ಲಿ ಒಂದು ಇಂಜೆಕ್ಷನ್ ಕೊಟ್ಟು, ಬೀದರಿಗೋ ಸಂಗಾರೆಡ್ಡಿಗೋ ಹೋಗಿರೆಂದು ಕಳುಹಿಸುತ್ತಾರೆ. ಕೈಗೆ ಕೊಟ್ಟ ಚೀಟಿಯಲ್ಲಿ ಎರಡು ಗೀಚು ಮಾತ್ರ ಇದ್ದರೆ ಮುಂದಿನ ವೈದ್ಯರು ಏನು ತಿಳಿದುಕೊಳ್ಳಬೇಕು?

ಇದು ಪ್ರಾಣದ ಪ್ರಶ್ನೆ. ಆರ್ಗನೋಫಾಸ್ಫೇಟ್ ಜಾತಿಯ ವಿಷ ತಗುಲಿದಾಗ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಬಾಯಿ ತುಂಬ ನೀರು ಬರುತ್ತದೆ. ಅಟ್ರೋಪಿನ್ ಕೊಟ್ಟ ಮೇಲೆ ಪಾಪೆ ಹಿಗ್ಗುತ್ತದೆ, ಬಾಯಿ ಒಣಗುತ್ತದೆ, ನಾಡಿ ಓಡುತ್ತದೆ. ಮೊದಲು ಕಂಡದ್ದು ಏನು, ಅಟ್ರೋಪಿನ್ ಎಷ್ಟು, ಎಷ್ಟು ಗಂಟೆಗೆ ಕೊಟ್ಟರು ಎಂಬುದು ಬರಹದಲ್ಲಿ ಇಲ್ಲದಿದ್ದರೆ ಎರಡನೆಯ ಆಸ್ಪತ್ರೆಯವರು ಕತ್ತಲೆಯಲ್ಲಿ ತಡಕಾಡಬೇಕು. ಕಳೆನಾಶಕ ಪ್ಯಾರಾಕ್ವಾಟ್ ಆದರೆ ಅದಕ್ಕೆ ಪ್ರತಿವಿಷವೇ ಇಲ್ಲ, ಚಿಕಿತ್ಸೆಯ ದಾರಿಯೇ ಬೇರೆ. ಆದುದರಿಂದ ಡಬ್ಬಿಯ ಮೇಲಿನ ಹೆಸರು ಚೀಟಿಯಲ್ಲಿ ಇರಲೇಬೇಕು. ಹೊಡೆಯುವಾಗ ತಗುಲಿತೋ, ಕುಡಿದದ್ದೋ ಎಂಬುದನ್ನೂ ನಿಂದಿಸದೆ ಕೇಳಿ ಬರೆಯಬೇಕು.

ಸ್ಪಷ್ಟವಾಗಿ ಬರೆಯುವುದು ಸೇವೆಯ ನಂತರದ ಆಫೀಸು ಕೆಲಸವಲ್ಲ, ಅದೂ ಸೇವೆಯೇ ಎಂಬುದು ನಮ್ಮ ಅಭಿಪ್ರಾಯ. ನಮ್ಮ ಮನೆಗಳಿಂದ ನರ್ಸಿಂಗ್ ಕಲಿಯಲು ಹೋದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಇದನ್ನು ವಿಶೇಷವಾಗಿ ಹೇಳಬಯಸುತ್ತೇವೆ.

ನಮ್ಮ ಸೀಮೆಗೆ ಇನ್ನೊಂದು ಕಾರಣವೂ ಇದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಜಹೀರಾಬಾದ್, ನಾರಾಯಣಖೇಡ್ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಗಡಿ ಸರಿಯಿತು, ಮನೆಮಾತು ಉಳಿಯಿತು. ನಮ್ಮ ಅಜ್ಜಿ "ಎದಿ ಧಡಧಡ ಅಂತದ, ಕಣ್ಣು ಮಬ್ಬಾಗ್ಯಾವ" ಎಂದು ಕನ್ನಡದಲ್ಲಿ ಹೇಳುತ್ತಾಳೆ. ನರ್ಸ್ ತೆಲುಗಿನಲ್ಲಿ ಕೇಳುತ್ತಾಳೆ, ಚೀಟಿ ಇಂಗ್ಲಿಷಿನಲ್ಲಿ ಬರುತ್ತದೆ. ಇಷ್ಟು ದಾಟುವಾಗ ಅರ್ಥ ಸೋರಿಹೋಗುವುದು ಸಹಜ. ರೋಗಿಯ ಮಾತನ್ನು ಅವಳು ಹೇಳಿದಂತೆಯೇ ಒಂದು ಸಾಲು ಬರೆದು, ಕೆಳಗೆ ಅರ್ಥ ಬರೆಯುವುದು ಒಳ್ಳೆಯದು.

ಬರೆಯುವ ಕ್ರಮ ಕಷ್ಟದ್ದಲ್ಲ. ಅಮೆರಿಕದ ವೈದ್ಯ ಲಾರೆನ್ಸ್ ವೀಡ್ 1968ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವಿವರಿಸಿದ ದಾಖಲೆ ಪದ್ಧತಿಯಿಂದ ಇಂದಿನ 'ಸೋಪ್' ಟಿಪ್ಪಣಿ ಬಂದಿದೆ. ಅದರಲ್ಲಿ ನಾಲ್ಕು ಭಾಗಗಳು: ರೋಗಿ ಹೇಳಿದ್ದು, ನಾವು ನೋಡಿ ಅಳೆದದ್ದು, ನಮಗೆ ಅನಿಸಿದ್ದು, ಮುಂದೆ ಮಾಡುವುದು. 'ರೋಗಿ ಚೆನ್ನಾಗಿದ್ದಾನೆ' ಎಂದು ಬರೆದರೆ ಸಾಲದು. ನಾಡಿ, ಉಸಿರು, ರಕ್ತದೊತ್ತಡ, ಜ್ವರ ಇವುಗಳ ಅಂಕಿ ಬೇಕು, ಗಂಟೆ ಬೇಕು, ಸಹಿ ಬೇಕು. ಯಾವ ಔಷಧಿ ಒಗ್ಗುವುದಿಲ್ಲ ಎಂಬುದು ಮೇಲ್ಭಾಗದಲ್ಲಿಯೇ ಇರಲಿ. ಯೂನಿಟ್ ಎಂಬುದನ್ನು ಪೂರ್ತಿ ಬರೆಯಿರಿ. 'ಯು' ಎಂಬ ಇಂಗ್ಲಿಷ್ ಅಕ್ಷರ ಸೊನ್ನೆಯಂತೆ ಕಂಡರೆ 10 ಯೂನಿಟ್ ಇನ್ಸುಲಿನ್ 100 ಆಗಿಬಿಡುತ್ತದೆ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿ, ಅಳಿಸಬೇಡಿ. ಮಾಡದೆ ಇದ್ದದ್ದನ್ನು ಮಾಡಿದೆವೆಂದು ಎಂದಿಗೂ ಬರೆಯಬೇಡಿ.

ಸಾಲುಗಟ್ಟಿ ರೋಗಿಗಳು ನಿಂತಿರುವಾಗ ಬರೆಯಲು ಸಮಯವೆಲ್ಲಿ ಎಂದು ಕೆಲವರು ಕೇಳುತ್ತಾರೆ. ಅವರ ಕಷ್ಟ ನಮಗೆ ತಿಳಿದಿದೆ. ಆದರೆ ಐದು ಸ್ಪಷ್ಟ ಸಾಲಿಗೆ ಬೇಕಾಗುವುದು ಕೆಲವೇ ನಿಮಿಷ. ಅದಿಲ್ಲದೆ ಮತ್ತೆ ಎಲ್ಲವನ್ನೂ ಮೊದಲಿನಿಂದ ಕೇಳುವಾಗ ಕಳೆಯುವುದು ರೋಗಿಯ ಸಮಯ.

ನಮ್ಮ ಪಾಲಿನ ಕರ್ತವ್ಯವೂ ಇದೆ. ವೈದ್ಯಕೀಯ ಮಂಡಳಿಯ 2002ರ ನಿಯಮದಂತೆ ಒಳರೋಗಿಯ ದಾಖಲೆಯನ್ನು ವೈದ್ಯರು ಮೂರು ವರ್ಷ ಕಾಪಾಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಒದಗಿಸಬೇಕು. ಔಷಧಿಯ ಹೆಸರನ್ನು ಓದಲು ಬರುವಂತೆ ಬರೆಯಬೇಕೆಂದು 2016ರ ತಿದ್ದುಪಡಿ ಹೇಳುತ್ತದೆ. ಅರ್ಥವಾಗದಿದ್ದರೆ ವಿನಯದಿಂದ ಕೇಳೋಣ. ಹೊಲದ ಪಹಣಿಯನ್ನು ಟ್ರಂಕಿನಲ್ಲಿ ಜೋಪಾನ ಮಾಡುವ ನಾವು ಆಸ್ಪತ್ರೆಯ ಚೀಟಿಯನ್ನು ಮಾತ್ರ ಜೇಬಿನಲ್ಲಿ ಮುದ್ದೆ ಮಾಡುತ್ತೇವೆ. ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಫೈಲು ಇರಲಿ.

ಸಂತ ಲೂಕರು ಬರೆದ ಸಮಾರಿಯದವನ ಸಾಮತಿ ನಮಗೆಲ್ಲ ಗೊತ್ತು. ಅವನು ಗಾಯ ಕಟ್ಟಿದ್ದಷ್ಟೇ ಅಲ್ಲ, ಛತ್ರದವನಿಗೆ ಹಣ ಕೊಟ್ಟು, ಮುಂದೆ ನೋಡಿಕೊಳ್ಳುವಂತೆ ಹೇಳಿ, ತಾನು ಮರಳಿ ಬರುವುದನ್ನೂ ತಿಳಿಸಿ ಹೋದನು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ರೋಗಿಯನ್ನು ಒಪ್ಪಿಸುವ ರೀತಿ ಅದು. ನರ್ಸಿಂಗ್ ಕಲಿಯುತ್ತಿರುವ ನಮ್ಮ ಮಕ್ಕಳು ಪೆನ್ನು ಹಿಡಿಯುವಾಗ ಆ ಛತ್ರದ ಬಾಗಿಲನ್ನು ನೆನೆಯಲಿ.