ವೈಟ್‌ಫೀಲ್ಡ್ ದಾರಿ ಊರ ಡೇರಿಯಿಂದಲೇ ಶುರು

ಮಾರಿಕುಪ್ಪಂ, ಬಂಗಾರಪೇಟೆ, ಮಾಲೂರು ಕಡೆಯಿಂದ ಬೆಳಿಗ್ಗೆ ಹೊರಡುವ ರೈಲುಗಳು ವೈಟ್‌ಫೀಲ್ಡ್, ಕೆ.ಆರ್. ಪುರ ಹಾದು ಬೆಂಗಳೂರು ಸೇರುತ್ತವೆ. ಐಟಿ ಕಂಪನಿಗಳ ಬಾಗಿಲು ಇಷ್ಟು ಹತ್ತಿರ ಇರುವ ಜಿಲ್ಲೆಗಳು ರಾಜ್ಯದಲ್ಲಿ ಕಡಿಮೆ. ಆದರೂ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಾಲೇಜುಗಳಲ್ಲಿ ಬಿ.ಕಾಂ., ಬಿಬಿಎ, ಬಿಸಿಎ ಮುಗಿಸಿದವರಿಗೆ ಆ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಕೋಡಿಂಗ್ ಬರದವರು ಐಟಿಯಲ್ಲಿ ಏನು ಮಾಡಬಹುದು ಎಂದು ಇವರು ಕೇಳಿದರೆ ಕೋಚಿಂಗ್ ಕೇಂದ್ರಗಳ ಬಳಿ ಸಿದ್ಧ ಉತ್ತರವೊಂದಿದೆ: ಬಿಸಿನೆಸ್ ಅನಲಿಸ್ಟ್ ಆಗಿ, ಅದಕ್ಕೆ ಮೊದಲು ಒಂದು ಸರ್ಟಿಫಿಕೇಟ್ ಮಾಡಿಕೊಳ್ಳಿ. ಈ ಸಲಹೆಯ ಮೊದಲರ್ಧ ಸರಿ, ಎರಡನೆಯ ಅರ್ಧ ತಲೆಕೆಳಗು. ಈ ವೃತ್ತಿ ಕೋಲಾರದ ಪದವೀಧರರಿಗೆ ನಿಜಕ್ಕೂ ಒಗ್ಗುತ್ತದೆ. ಆದರೆ ಅಲ್ಲಿಗೆ ತಲುಪಿಸುವುದು ಕೆಲಸ, ಪ್ರಮಾಣಪತ್ರ ಆ ಕೆಲಸದ ಹಿಂದೆ ಬರಬೇಕು. ಹಾಗೆಂದು ಪ್ರಮಾಣಪತ್ರ ಕೊಡುವ ಸಂಸ್ಥೆಯ ನಿಯಮಗಳೇ ಹೇಳುತ್ತವೆ.

ಬಿಸಿನೆಸ್ ಅನಲಿಸ್ಟ್ ಮಾಡುವ ಕೆಲಸವನ್ನು ಸರಳವಾಗಿ ಹೀಗೆ ಹೇಳಬಹುದು: ಒಂದು ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಕಾರ್ಖಾನೆಯಲ್ಲಿ ಈಗ ಕೆಲಸ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಎಲ್ಲಿ ಸಿಕ್ಕಿಕೊಂಡಿದೆ ಎಂದು ಪತ್ತೆ ಮಾಡುವುದು, ಹೇಗೆ ನಡೆಯಬೇಕು ಎಂಬುದನ್ನು ಬಳಸುವವರಿಗೂ ಸಾಫ್ಟ್‌ವೇರ್ ಬರೆಯುವವರಿಗೂ ಒಂದೇ ಅರ್ಥ ಬರುವಂತೆ ಬರೆದುಕೊಡುವುದು. ಈ ವೃತ್ತಿಗೆ ಜಾಗತಿಕ ಮಾನದಂಡ ರೂಪಿಸಿದ ಐಐಬಿಎ ಸಂಸ್ಥೆ 2003ರಲ್ಲಿ ಕೆನಡಾದ ಟೊರಾಂಟೊದಲ್ಲಿ ಹುಟ್ಟಿತು. ಅದರ ಪ್ರಮಾಣಪತ್ರಗಳಲ್ಲಿ ಮೂರು ಮೆಟ್ಟಿಲು. ಮೊದಲನೆಯದಾದ ಇಸಿಬಿಎಗೆ ಅನುಭವ ಬೇಕಿಲ್ಲ. ಎರಡನೆಯದಾದ ಸಿಸಿಬಿಎಗೆ ಹಿಂದಿನ 7 ವರ್ಷಗಳಲ್ಲಿ 3,750 ಗಂಟೆಗಳ ವಿಶ್ಲೇಷಣೆಯ ಕೆಲಸ ತೋರಿಸಬೇಕು. ಮೂರನೆಯದಾದ ಸಿಬಿಎಪಿಗೆ 10 ವರ್ಷಗಳಲ್ಲಿ 7,500 ಗಂಟೆ. ವಾರಕ್ಕೆ 40 ಗಂಟೆಯ ಲೆಕ್ಕದಲ್ಲಿ 3,750 ಗಂಟೆ ಎಂದರೆ 94 ವಾರ. ದಿನದ ಅರ್ಧ ಭಾಗ ಮಾತ್ರ ಈ ಕೆಲಸಕ್ಕೆ ಸಿಗುವವರಿಗೆ ಅದು ಹೆಚ್ಚುಕಡಿಮೆ ನಾಲ್ಕು ವರ್ಷದ ಸಂಗತಿ. ಕಂಪನಿಗಳಲ್ಲಿ ತೂಕವಿರುವುದು ಮೇಲಿನ ಎರಡು ಮೆಟ್ಟಿಲಿಗೆ. ತರಗತಿಯಲ್ಲಿ ಕುಳಿತು ಆ ಗಂಟೆಗಳನ್ನು ತುಂಬಿಸಲಾಗದು. ಹೊಸಬರಿಗೆ ಮಾರಲಾಗುತ್ತಿರುವುದು ಕೆಳಗಿನ ಮೆಟ್ಟಿಲು ಮಾತ್ರ, ಅದೂ ಡಾಲರ್ ಲೆಕ್ಕದ ಪರೀಕ್ಷಾ ಶುಲ್ಕದ ಜೊತೆಗೆ. ಓದಿದ್ದಕ್ಕೆ ಅದು ಸಾಕ್ಷಿಯಾಗುತ್ತದೆ, ಮಾಡಿದ್ದಕ್ಕೆ ಆಗುವುದಿಲ್ಲ.

ಹಾಗಾದರೆ ಗಂಟೆಗಳು ಎಲ್ಲಿ ಸಿಗಬೇಕು? ಈ ಕೆಲಸದ ಕೊರತೆ ಇರುವ ಕಡೆಯೇ. ಈ ಕೆಲಸದ ಅಭಾವ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ದೊಡ್ಡ ಉದಾಹರಣೆ ಕೋಲಾರ ಜಿಲ್ಲೆಯಲ್ಲೇ ಇದೆ. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಕಾರ್ಮಿಕರ ಸಿಟ್ಟು ಸ್ಫೋಟಿಸಿತು. ಗಾಜು ಒಡೆದದ್ದು, ವಾಹನ ಉರುಳಿದ್ದು ದೇಶವಿಡೀ ಸುದ್ದಿಯಾಯಿತು. ಅದರ ಹಿಂದೆ ಇದ್ದದ್ದು ಸಂಬಳದ ಲೆಕ್ಕ. ರಾಜ್ಯದ ಕಾರ್ಖಾನೆಗಳ ಇಲಾಖೆ ಪರಿಶೀಲಿಸಿದಾಗ ಕಂಡುಬಂದ ಸಂಗತಿಗಳು: ಕಾರ್ಮಿಕರ ಸಂಖ್ಯೆ ಅಲ್ಪಾವಧಿಯಲ್ಲಿ 5,000ದಿಂದ 10,500ಕ್ಕೆ ಏರಿತ್ತು, ಅದಕ್ಕೆ ತಕ್ಕಂತೆ ಮಾನವ ಸಂಪನ್ಮೂಲ ವಿಭಾಗ ಬೆಳೆದಿರಲಿಲ್ಲ. ಅಕ್ಟೋಬರ್‌ನಲ್ಲಿ ಪಾಳಿ 8 ಗಂಟೆಯಿಂದ 12 ಗಂಟೆಗೆ ಬದಲಾಗಿತ್ತು, ಹಾಜರಾತಿ ದಾಖಲಿಸುವ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಕೆಲಸದ ಅವಧಿ ನಿರ್ವಹಿಸುವ ಕ್ರಮ ಸರಿಯಿರಲಿಲ್ಲ, ಅದರಿಂದ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಕೆಲವರಿಗೆ ಪಾವತಿ ತಡವಾಯಿತು ಎಂದು ಆ್ಯಪಲ್ ಕಂಪನಿಯೂ ಹೇಳಿತು. ವಿಸ್ಟ್ರಾನ್ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಕೈಸೇರಿತು.

ಪಾಳಿ ಬದಲಾಯಿಸುವ ಮುನ್ನ ಯಾರಾದರೂ ಕುಳಿತು ಬರೆಯಬೇಕಿದ್ದ ಪ್ರಶ್ನೆಗಳನ್ನು ಊಹಿಸುವುದು ಕಷ್ಟವಲ್ಲ. 12 ಗಂಟೆಯಲ್ಲಿ ಓವರ್‌ಟೈಮ್ ಎಷ್ಟು ಹೊತ್ತಿಗೆ ಶುರುವಾಗುತ್ತದೆ? ಬೆರಳಗುರುತಿನ ಹಾಜರಾತಿ ಯಂತ್ರ ಕೈಕೊಟ್ಟರೆ ಯಾರ ಸಹಿ ನಡೆಯುತ್ತದೆ? ಕಂಪನಿಯ ಬಸ್ಸೇ ತಡವಾದರೆ ಹಾಜರಾತಿ ಯಾರ ತಲೆಗೆ? ಗೇಟಿನ ದಾಖಲೆಗೂ ಗುತ್ತಿಗೆ ಏಜೆನ್ಸಿಯ ಪಟ್ಟಿಗೂ ತಾಳೆಯಾಗದಿದ್ದರೆ ಯಾವುದನ್ನು ನಂಬಬೇಕು? ಸಂಬಳ ಕಡಿಮೆ ಬಂದವನು ಯಾರನ್ನು ಕೇಳಬೇಕು, ಉತ್ತರ ಎಷ್ಟು ದಿನದಲ್ಲಿ ಸಿಗಬೇಕು? ಒಬ್ಬ ಅನಲಿಸ್ಟ್ ಇದ್ದಿದ್ದರೆ ಎಲ್ಲವೂ ಸರಿಹೋಗುತ್ತಿತ್ತು ಎಂದು ವಾದಿಸುವುದು ಅತಿಯಾಗುತ್ತದೆ. ಗುತ್ತಿಗೆ ದುಡಿಮೆ, ಕಡಿಮೆ ಕೂಲಿ, ಕಾನೂನಿನ ಉಲ್ಲಂಘನೆ ಇವೆಲ್ಲ ಆಡಳಿತ ಮಂಡಳಿಯ ನಿರ್ಧಾರಗಳು. ಆದರೆ ಎರಡು ತಿಂಗಳು ಲೆಕ್ಕ ತಪ್ಪುತ್ತಿದ್ದರೂ ತಪ್ಪು ಎಲ್ಲಿದೆ ಎಂದು ಬರೆದು ತೋರಿಸುವವರು ಇಲ್ಲದಿರುವುದು ಬೇರೆಯದೇ ಕೊರತೆ. ಇದಕ್ಕೆ ವಿರುದ್ಧವಾದ ಪಾಠವೂ ಈ ರಾಜ್ಯದ್ದೇ. ಪಹಣಿಯನ್ನು ಗಣಕೀಕರಿಸಿದ 'ಭೂಮಿ' ಯೋಜನೆ ಯಶಸ್ವಿಯಾದದ್ದು ಕಂಪ್ಯೂಟರ್ ತಂದಿಟ್ಟಿದ್ದರಿಂದಲೇ ಅಲ್ಲ. ಮ್ಯುಟೇಶನ್ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕು, ನಡುವೆ ಯಾರನ್ನೂ ಮುಂದೆ ಸರಿಸಲಾಗದು ಎಂಬ ನಿಯಮವನ್ನು ತಂತ್ರಾಂಶದೊಳಗೇ ಕೂರಿಸಿದ್ದು ದೊಡ್ಡ ಸಂಗತಿ. ತಾಲ್ಲೂಕು ಕಚೇರಿಯಲ್ಲಿ ಕಡತ ಎಲ್ಲಿ, ಏಕೆ ನಿಲ್ಲುತ್ತದೆ ಎಂದು ಬಲ್ಲವರಿಗಷ್ಟೇ ಆ ನಿಯಮ ಹೊಳೆಯಲು ಸಾಧ್ಯ.

ಇಂಥ ಅಭ್ಯಾಸಕ್ಕೆ ನರಸಾಪುರದಷ್ಟು ದೊಡ್ಡ ಕಾರ್ಖಾನೆಯೇ ಬೇಕೆಂದಿಲ್ಲ. ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘವನ್ನು ತೆಗೆದುಕೊಳ್ಳಿ. ಬೆಳಿಗ್ಗೆ, ಸಂಜೆ ಹಾಲು ಹಾಕುವವರ ಸದಸ್ಯತ್ವ ಸಂಖ್ಯೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ದಾಖಲಾಗಬೇಕು, ಅದರ ಮೇಲೆ ದರ ನಿಲ್ಲುತ್ತದೆ. ಹಾಲಿನ ಬಟವಾಡೆ ಒಂದು ದಾರಿಯಲ್ಲಿ ಬರುತ್ತದೆ, ಸರ್ಕಾರದ ಲೀಟರಿಗೆ ₹5 ಪ್ರೋತ್ಸಾಹಧನ ಇನ್ನೊಂದು ದಾರಿಯಲ್ಲಿ ನೇರ ಬ್ಯಾಂಕ್ ಖಾತೆಗೆ. ಒಂದೇ ಕ್ಯಾನಿನ ಹಾಲಿಗೆ ಎರಡು ಪಾವತಿ, ಎರಡು ಪಟ್ಟಿ. ಸದಸ್ಯತ್ವ ತಾಯಿಯ ಹೆಸರಿನಲ್ಲಿದ್ದು ಹಾಲು ಹಾಕುವವನು ಮಗನಾದರೆ? ಆಧಾರ್ ಜೋಡಣೆ ಹಳೆಯ ಖಾತೆಗೇ ಉಳಿದಿದ್ದರೆ? ಫ್ಯಾಟ್ ಅಳೆಯುವಾಗ ಕರೆಂಟ್ ಹೋಗಿ ಪುಸ್ತಕದಲ್ಲಿ ಕೈಯಿಂದ ಬರೆದ ಅಂಕಿ ಬೇರೆ, ಆಮೇಲೆ ಯಂತ್ರ ತೋರಿಸಿದ ಅಂಕಿ ಬೇರೆ ಆದರೆ? ತಿದ್ದುವ ಅಧಿಕಾರ ಯಾರಿಗೆ, ತಿದ್ದಿದ್ದು ಸದಸ್ಯೆಗೆ ಗೊತ್ತಾಗುವುದು ಹೇಗೆ? ಸಂಘದ ಕಾರ್ಯದರ್ಶಿಗೆ ಇವೆಲ್ಲ ಬಾಯಿಪಾಠ, ಕಾಗದದ ಮೇಲೆ ಮಾತ್ರ ಎಲ್ಲೂ ಇರುವುದಿಲ್ಲ. ಅವರನ್ನು ಕೇಳಿ, ಎರಡು ವಾರ ನಿಂತು ನೋಡಿ, ಈಗ ನಡೆಯುವ ಕ್ರಮವನ್ನು ಎರಡು ಪುಟದಲ್ಲೂ ನಡೆಯಬೇಕಾದ ಕ್ರಮವನ್ನು ಮತ್ತೆರಡು ಪುಟದಲ್ಲೂ ಬರೆದವನು ಐಐಬಿಎಯ ಕೈಪಿಡಿ ಪಟ್ಟಿ ಮಾಡುವ ಆರು ಜ್ಞಾನಕ್ಷೇತ್ರಗಳಲ್ಲಿ ಕನಿಷ್ಠ ಎರಡನ್ನು ಕೈಯಾರೆ ಮುಟ್ಟಿರುತ್ತಾನೆ. ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಕ್ರೇಟ್‌ಗಳ ಟೊಮೆಟೊ ಹರಾಜಿನಲ್ಲಿ, ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ, ಮಾಲೂರಿನ ಕೈಗಾರಿಕಾ ಪ್ರದೇಶದ ಘಟಕಗಳಲ್ಲಿ ಇಂಥದ್ದೇ ಗಂಟುಗಳಿವೆ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಮಾವಿಗೆ ತಡೆ ಹಾಕಿ ಬೆಲೆ ನೆಲಕಚ್ಚಿದಾಗ ಕೇಂದ್ರ ಮತ್ತು ರಾಜ್ಯ ಬೆಲೆ ವ್ಯತ್ಯಾಸ ಭರಿಸಲು ಒಪ್ಪಿದವು. ಅಂಥ ನೆರವು ತೋಟದವರೆಗೆ ಮುಟ್ಟಬೇಕಾದರೆ ರೈತರ ನೋಂದಣಿ, ಮಾರಿದ ತೂಕ, ಬ್ಯಾಂಕ್ ಖಾತೆ ಮೂರೂ ತಾಳೆಯಾಗಬೇಕು. ಅದೂ ಇದೇ ಜಾತಿಯ ಕೆಲಸ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಕಂಪನಿಯ ಎಚ್‌ಆರ್ ವಿಭಾಗ ಡೇರಿಯ ಕಥೆ ಕೇಳುವುದಿಲ್ಲ, ರೆಸ್ಯೂಮೆಯಲ್ಲಿ ನಾಲ್ಕಕ್ಷರದ ಪ್ರಮಾಣಪತ್ರ ಹುಡುಕುತ್ತದೆ, ಎಂಜಿನಿಯರಿಂಗ್ ಪದವಿ ಹುಡುಕುತ್ತದೆ ಎಂಬುದು. ಮೊದಲ ಜರಡಿಯ ಮಟ್ಟಿಗೆ ಇದು ನಿಜ. ಆದ್ದರಿಂದ ಇಸಿಬಿಎ ಬೇಡವೇ ಬೇಡ ಎನ್ನುವುದು ತಪ್ಪಾದೀತು. ಬರೆದು ಮುಗಿಸಿದ ಎರಡು ಅಧ್ಯಯನಗಳು ಕೈಯಲ್ಲಿರುವವರು ಅದನ್ನೂ ಮಾಡಿಕೊಳ್ಳಲಿ. ಸಂದರ್ಶನದಲ್ಲಿ ಮಾತ್ರ ಜರಡಿ ಬೇರೆ. ಒಂದು ಪ್ರಕ್ರಿಯೆ ವಿವರಿಸಿ, ಅದರಲ್ಲಿ ಎಡವುವ ಸಂದರ್ಭಗಳನ್ನು ಹೇಳಿ ಎಂದಾಗ ಪುಸ್ತಕದ ಎಟಿಎಂ ಉದಾಹರಣೆ ಒಪ್ಪಿಸುವವರು ಮೂರನೆಯ ಪ್ರಶ್ನೆಗೆ ನಿಲ್ಲುತ್ತಾರೆ. ರಾಜ್ಯದ 2024ರ ಜಿಸಿಸಿ ನೀತಿ 2029ರ ಹೊತ್ತಿಗೆ 500 ಹೊಸ ಜಾಗತಿಕ ಸಾಮರ್ಥ್ಯ ಕೇಂದ್ರಗಳನ್ನೂ 3.5 ಲಕ್ಷ ಉದ್ಯೋಗಗಳನ್ನೂ ಗುರಿಯಾಗಿಟ್ಟುಕೊಂಡಿದೆ. ಬ್ಯಾಂಕು, ವಿಮೆ, ಚಿಲ್ಲರೆ ಮಾರಾಟದ ಕಂಪನಿಗಳು ತಮ್ಮ ಒಳಕೆಲಸಕ್ಕೆ ನಡೆಸುವ ಈ ಕೇಂದ್ರಗಳಿಗೆ ವ್ಯವಹಾರ ತಿಳಿದವರು ಬೇಕು. ಲೆಕ್ಕಪತ್ರ ಬಲ್ಲ ಬಿ.ಕಾಂ. ಪದವೀಧರೆ ಅಲ್ಲಿ ಎಂಜಿನಿಯರ್‌ಗಿಂತ ಹಿಂದೆ ನಿಲ್ಲಬೇಕಾದ ಕಾರಣವಿಲ್ಲ.

ಊರಿನ ಘಟಕದಲ್ಲಿ ಮಾಡಿದ ಕೆಲಸವನ್ನು ಯಾರು ಅನುಭವ ಎಂದು ಒಪ್ಪುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. ಐಐಬಿಎ ನೋಡುವುದು ಹುದ್ದೆಯ ಹೆಸರನ್ನಲ್ಲ, ಮಾಡಿದ ಕೆಲಸವನ್ನು. ವೇಮಗಲ್‌ನ ಘಟಕವೊಂದರಲ್ಲಿ ಸ್ಟೋರ್ ಅಸಿಸ್ಟೆಂಟ್ ಆಗಿದ್ದು ದಾಸ್ತಾನು ತಂತ್ರಾಂಶ ಬದಲಾಗುವಾಗ ಅಗತ್ಯಗಳನ್ನು ಪಟ್ಟಿ ಮಾಡಿ ಪರೀಕ್ಷಿಸಿದವರಿಗೆ ಆ ಗಂಟೆಗಳು ಸಲ್ಲುತ್ತವೆ. ಅರ್ಜಿಯನ್ನು ಸಂಸ್ಥೆ ಆಡಿಟ್‌ಗೆ ಒಳಪಡಿಸಬಹುದಾದ್ದರಿಂದ ದಿನಾಂಕ, ಕೆಲಸ, ಗಂಟೆ ಬರೆದಿಟ್ಟ ಪುಸ್ತಕ ಇರಬೇಕು. ನಮ್ಮ ಹುಡುಗರು ಸೋಲುವುದು ಇಲ್ಲಿ: ಕೆಲಸ ಮಾಡಿರುತ್ತಾರೆ, ದಾಖಲೆ ಇಟ್ಟಿರುವುದಿಲ್ಲ. ಇಂಗ್ಲಿಷಿನ ಅಳುಕಿಗೆ ಇನ್ನೊಂದು ಮಗ್ಗುಲಿದೆ. ವರದಿ ಇಂಗ್ಲಿಷಿನಲ್ಲೇ ಬರೆಯಬೇಕು, ಅದನ್ನು ಕಲಿಯಲೇಬೇಕು. ಆದರೆ ಮುಳಬಾಗಿಲಿನ ಹುಡುಗಿ ಮನೆಯಲ್ಲಿ ತೆಲುಗು, ತರಗತಿಯಲ್ಲಿ ಕನ್ನಡ ಆಡುತ್ತ ಬೆಳೆದಿರುತ್ತಾಳೆ, ಕೆಜಿಎಫ್ ಕಡೆಯವರಿಗೆ ತಮಿಳೂ ಸೇರುತ್ತದೆ. ಬಳಕೆದಾರ ತನ್ನ ಮಾತಿನಲ್ಲಿ ಗೊಣಗಿದ್ದನ್ನು ಕೇಳಿಸಿಕೊಳ್ಳುವ ಕಿವಿ ಈ ವೃತ್ತಿಯ ಬಂಡವಾಳ. ಅದು ಇವರಿಗೆ ಹುಟ್ಟಿನಿಂದ ಬಂದಿದೆ.

ಎಐ ಈ ಕೆಲಸವನ್ನೇ ನುಂಗಿಬಿಡುತ್ತದೆ ಎಂಬ ಭಯವನ್ನು ತಳ್ಳಿಹಾಕುವಂತಿಲ್ಲ. ಬಳಕೆದಾರರ ಅಗತ್ಯ ಹೇಳುವ ಯೂಸರ್ ಸ್ಟೋರಿ, ಸಭೆಯ ಟಿಪ್ಪಣಿ, ಪರೀಕ್ಷೆಯ ಪಟ್ಟಿ ಇವನ್ನು ಯಂತ್ರ ಈಗಾಗಲೇ ಕ್ಷಣದಲ್ಲಿ ಬರೆದುಕೊಡುತ್ತದೆ. ಹೊಸಬರಿಗೆ ಮೊದಲು ಸಿಗುತ್ತಿದ್ದ ಗುಮಾಸ್ತಿಕೆಯ ಭಾಗ ಕುಗ್ಗುತ್ತದೆ, ಇದು ಖಂಡಿತ. ಹಾಗಾದಾಗ ಮೊದಲು ಬೆಲೆ ಕಳೆದುಕೊಳ್ಳುವುದು ಪುಸ್ತಕದ ಜ್ಞಾನವನ್ನಷ್ಟೇ ಅಳೆಯುವ ಪ್ರಮಾಣಪತ್ರ. ಕರೆಂಟ್ ಹೋದಾಗ ಡೇರಿಯಲ್ಲಿ ಏನಾಗುತ್ತದೆ ಎಂದು ಯಾರೂ ಬರೆದಿಡದಿದ್ದರೆ ಯಂತ್ರಕ್ಕೂ ಅದು ತಿಳಿಯುವುದಿಲ್ಲ. ಅಲ್ಲಿಗೆ ಹೋಗಿ ಕೇಳಿ ತಿಳಿಯುವ ಭಾಗ ಉಳಿಯುತ್ತದೆ. ತರಬೇತಿಯನ್ನು ಅಲ್ಲಿಂದಲೇ ಶುರುಮಾಡಬೇಕು ಎಂಬ ವಾದಕ್ಕೆ ಇದು ಇನ್ನಷ್ಟು ಬಲ ಕೊಡುತ್ತದೆ.

ಬೆಂಗಳೂರು ವಿಶ್ವವಿದ್ಯಾಲಯ ಒಡೆದು 2017ರಲ್ಲಿ ಕೋಲಾರದ ಟಮಕದಲ್ಲಿ ಶುರುವಾದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಇದಕ್ಕೆ ಹೊಸ ಕೋರ್ಸ್ ತೆರೆಯಬೇಕಿಲ್ಲ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅಂತಿಮ ವರ್ಷದವರನ್ನು ಇಬ್ಬಿಬ್ಬರಂತೆ ಒಂದು ಸೆಮಿಸ್ಟರ್ ಒಂದೊಂದು ಹಾಲಿನ ಸಂಘಕ್ಕೆ, ಮಂಡಿಗೆ, ಕಾರ್ಖಾನೆಗೆ ಕಳಿಸಲಿ. ಗಂಟೆಗಳ ಪುಸ್ತಕಕ್ಕೆ ಆ ಸಂಘದ ಕಾರ್ಯದರ್ಶಿ ಸಹಿ ಹಾಕಲಿ, ಬರಹಕ್ಕೆ ಅಂಕ ಸಿಗಲಿ, ಒಂದು ಪ್ರತಿ ಸಂಘದಲ್ಲೇ ಉಳಿಯಲಿ. ಯುವನಿಧಿಯಲ್ಲಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ ₹3,000ದಂತೆ ಎರಡು ವರ್ಷದವರೆಗೆ ಕೊಡುವ ಸರ್ಕಾರ, ಹೀಗೆ ಪುಸ್ತಕ ತುಂಬಿಸಿ ಪರೀಕ್ಷೆ ಪಾಸಾದವರಿಗೆ ಅದರ ಶುಲ್ಕವನ್ನು ಹಿಂದಿರುಗಿಸುವ ಏರ್ಪಾಟನ್ನೂ ಮಾಡಬಹುದು. ಕೋಚಿಂಗ್ ಕೇಂದ್ರಕ್ಕೆ ಮುಂಗಡ ಕಟ್ಟಿದವರಿಗಲ್ಲ, ಕೆಲಸ ಮಾಡಿ ತೋರಿಸಿದವರಿಗೆ.