ಫಿಟ್‌ನೆಸ್ ಚೀಟಿಯೊಂದೇ ಸಾಲದು

ಕಾಯಿಲೆ ರಜೆ ಮುಗಿಸಿದ ಕಾರ್ಮಿಕ ಕೆಲಸಕ್ಕೆ ಮರಳುವುದು ವೈದ್ಯರಿಗೂ ಮಾಲೀಕರಿಗೂ ಬಿಟ್ಟ ವಿಷಯ, ಸಹೋದ್ಯೋಗಿಗಳ ಪಾತ್ರ ಅದರಲ್ಲಿಲ್ಲ ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಕಾನೂನಿನ ಮಟ್ಟಿಗೆ ಇದು ಸರಿ. ಇ.ಎಸ್.ಐ. ವ್ಯವಸ್ಥೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ. 70 ಸಿಗುತ್ತದೆ, ಕ್ಷಯದಂಥ ದೀರ್ಘ ಕಾಯಿಲೆಗೆ ಶೇ. 80ರಂತೆ ಎರಡು ವರ್ಷದವರೆಗೂ ನೆರವುಂಟು.

ಆದರೆ ಕೆಲಸ ನಡೆಯುವುದು ಕಡತದೊಳಗಲ್ಲ.

ನೂಲಿನ ಗಿರಣಿಯ ರಿಂಗ್ ಫ್ರೇಮ್ ನೋಡಿಕೊಳ್ಳುವವರು ಪಾಳಿಯುದ್ದಕ್ಕೂ ಓಡಾಡುತ್ತಲೇ ಕಡಿದ ಎಳೆ ಕೂಡಿಸಬೇಕು. ತಿಂಗಳುಗಟ್ಟಲೆ ಮಲಗಿದ್ದವರ ಕಾಲು ಮೊದಲ ವಾರ ಅಷ್ಟು ನಡಿಗೆ ತಾಳುವುದಿಲ್ಲ. ಪಕ್ಕದ ಫ್ರೇಮಿನವರು ನಾಲ್ಕು ಎಳೆ ಕೂಡಿಸಿಕೊಟ್ಟರೆ ದಿನ ಸಾಗುತ್ತದೆ. “ಆರಾಮ ಮಲಗಿ ಪಗಾರ ತಗೊಂಡಿ ಬಿಡಪಾ” ಎಂದು ಚುಚ್ಚಿದರೆ ಮರುದಿನ ಗೇಟಿನತ್ತ ಹೆಜ್ಜೆ ಏಳದು.

ಮಾಲೀಕರು ಹಗುರ ಕೆಲಸ ಕೊಟ್ಟರೆ ಸಾಕು ಎನ್ನುತ್ತದೆ ಲೇಖನ. ಒಬ್ಬರ ಕೆಲಸ ಹಗುರಾದರೆ ಉಳಿದ ಭಾರ ಬೀಳುವುದು ಪಕ್ಕದವರ ಮೇಲೆಯೇ. ಅವರನ್ನು ಕೇಳದೆ ಹೊರಿಸಿದರೆ ಸಿಟ್ಟೆಲ್ಲ ಮರಳಿ ಬಂದವರ ಕಡೆ ತಿರುಗುತ್ತದೆ.

ಕ್ಷಯದ ವಿಷಯದಲ್ಲಂತೂ ವೈದ್ಯರು ಕೊಡುವ ಫಿಟ್‌ನೆಸ್ ಚೀಟಿ ಪೂರ್ತಿ ಸೋಲುತ್ತದೆ. ಸರಿಯಾದ ಔಷಧ ಶುರುವಾದ ಕೆಲವೇ ವಾರಗಳಲ್ಲಿ ಸಾಮಾನ್ಯವಾಗಿ ಸೋಂಕು ಹರಡುವುದು ನಿಲ್ಲುತ್ತದೆ. ಲೋಟ, ತಟ್ಟೆಯಿಂದ ಅದು ಅಂಟುವುದೂ ಇಲ್ಲ. ಹೀಗಿದ್ದೂ ಗುಣವಾದವರ ಚಹದ ಲೋಟ ಬೇರೆ ಇಡುವವರು ವೈದ್ಯರಲ್ಲ, ಮಾಲೀಕರಲ್ಲ, ಜೊತೆಗಾರರೇ.

ದಡ್ಡಿ, ಹುಕ್ಕೇರಿ, ಮೂಡಲಗಿ ಸೀಮೆಯ ಕಾರ್ಮಿಕ ಸಂಘಗಳು ಬೋನಸ್‌ಗಾಗಿ ಕೂಡುವಂತೆ ಇದಕ್ಕೂ ಕೂಡಲಿ. ಕಾಯಿಲೆಯಿಂದ ಎದ್ದವರು ಬರುವ ಮುನ್ನವೇ ಅವರ ಪಾಳಿಯವರೊಂದಿಗೆ ಕುಳಿತು ಕೆಲಸ ಹಂಚಿಕೊಳ್ಳಲಿ.