ಸ್ಟೆಪ್ನಿ ಎಲ್ಲಿದೆ ಸಾರ್?

ಗೂಡಲೂರಿನಿಂದ ನಡುವಟ್ಟದ ಕಡೆಗೆ ಹತ್ತುವ ಊಟಿ ರಸ್ತೆ. ಮಧ್ಯಾಹ್ನ ಮೂರೂವರೆ ದಾಟಿತ್ತು, ಜಿನುಗು ಮಳೆ. ತಿರುವಿನಲ್ಲಿ ಇಳಿದು ಬರುತ್ತಿದ್ದ ಬಸ್ಸಿಗೆ ದಾರಿ ಬಿಡಲೆಂದು ನನ್ನ ಎಲೆಕ್ಟ್ರಿಕ್ ಕಾರನ್ನು ಎಡಕ್ಕೆ ತಂದೆ. ಡಾಂಬರು ಮುಗಿದು ಮಣ್ಣು ಶುರುವಾಗುವ ಕಡೆ ಗೇಣುದ್ದ ಇಳಿತ, ಅದರ ಅಂಚಿನಲ್ಲಿ ಚೂಪು ಕಲ್ಲು. ಹಿಂದಿನ ಎಡಗಡೆ ಚಕ್ರ ಅದಕ್ಕೆ ಉಜ್ಜಿತು. ಇಳಿದು ನೋಡಿದರೆ ಟೈರಿನ ಪಕ್ಕೆ ಎರಡು ಬೆರಳಗಲ ಸೀಳಿಹೋಗಿತ್ತು. ಪಂಕ್ಚರ್ ಅಂಗಡಿಯವರು ‘ಸೈಡ್ ಕಟ್’ ಎನ್ನುತ್ತಾರಲ್ಲ, ಅದು. ಕಾರಿನ ಜೊತೆ ಬಂದಿದ್ದ ಅಂಟಿನ ಬಾಟಲಿಯನ್ನು ಗಾಳಿ ಪಂಪಿಗೆ ಜೋಡಿಸಿ ಗುಂಡಿ ಒತ್ತಿದೆ. ಬಿಳಿಯ ದ್ರವ ಒಲೆಯ ಮೇಲಿನ ಹಾಲು ಉಕ್ಕಿದ ಹಾಗೆ ಸೀಳಿನಿಂದ ಹೊರಬಂದು ಮಳೆನೀರಿನೊಡನೆ ಹರಿದುಹೋಯಿತು.

ಕೆಳಗಿನಿಂದ ಬಂದ ಬಾಡಿಗೆ ಜೀಪೊಂದು ನಿಂತಿತು. ಡ್ರೈವರ್ ನಂಬರ್ ಪ್ಲೇಟು ನೋಡಿ ಕನ್ನಡದಲ್ಲೇ ಮಾತಾಡಿಸಿದರು. “ಜಾಕು, ಸ್ಪ್ಯಾನರು ನನ್ನ ಗಾಡೀಲಿದೆ. ಸ್ಟೆಪ್ನಿ ಎಲ್ಲಿದೆ ಸಾರ್? ತೆಗೀರಿ, ಹತ್ತು ನಿಮಿಷದ ಕೆಲಸ.” ಸ್ಟೆಪ್ನಿ ಇಲ್ಲ ಎಂದೆ. ಅವರಿಗೆ ಅರ್ಥವಾಗಲಿಲ್ಲ. “ಗಾಡಿ ಹೊಸದಲ್ವಾ? ಎಲ್ಲಿ ಹೋಯ್ತು?” ಕಂಪನಿಯವರೇ ಕೊಟ್ಟಿಲ್ಲ ಎಂದು ವಿವರಿಸಬೇಕಾಯಿತು. ಅವರು ಡಿಕ್ಕಿಯ ತಳದ ಹಲಗೆಯನ್ನು ತಾವೇ ಎತ್ತಿ ನೋಡಿ, ಮತ್ತೆ ಮುಚ್ಚಿದರು. ಕಾರನ್ನು ಹೊತ್ತೊಯ್ಯುವ ಲಾರಿ ಬರುವ ಹೊತ್ತಿಗೆ ಕತ್ತಲಾಗಿತ್ತು. ಗೂಡಲೂರಿನಲ್ಲಿ ವಿಚಾರಿಸಿದ ಅಂಗಡಿಗಳಲ್ಲಿ ಆ ಅಳತೆಯ ಟೈರು ಸಿಗಲಿಲ್ಲ. ಮೈಸೂರಿನಿಂದ ತರಿಸೋಣವೆಂದರೆ ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಟೈರು ಕೈಸೇರಿದ್ದು ಮರುದಿನ ಮಧ್ಯಾಹ್ನ.

ಆ ಡ್ರೈವರ್ ಕೇಳಿದ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಒಂದು ಗಾಡಿ ದಾರಿಯಲ್ಲಿ ಕೆಟ್ಟರೆ ಅದನ್ನು ಮುಂದಿನ ಊರಿನವರೆಗಾದರೂ ಮುಟ್ಟಿಸುವ ಸಾಧನ ಗಾಡಿಯಲ್ಲೇ ಇರಬೇಕೇ, ಅಥವಾ ಯಾರಾದರೂ ಬಂದು ಎತ್ತಿಕೊಂಡು ಹೋಗುತ್ತಾರೆಂದು ನಂಬಿ ಹೊರಡಬೇಕೇ?

ಸ್ಟೆಪ್ನಿ ಎಂಬ ಮಾತಿನ ಹುಟ್ಟೇ ಈ ಪ್ರಶ್ನೆಯಲ್ಲಿದೆ. ಮೊದಲ ಕಾರುಗಳಿಗೆ ಹೆಚ್ಚುವರಿ ಚಕ್ರ ಇರಲಿಲ್ಲ. ಪಂಕ್ಚರ್ ಆದರೆ ರಸ್ತೆಬದಿಯಲ್ಲೇ ಟೈರು ಬಿಚ್ಚಿ, ಟ್ಯೂಬಿಗೆ ತೇಪೆ ಹಾಕಿ, ಕೈಪಂಪಿನಲ್ಲಿ ಗಾಳಿ ತುಂಬಬೇಕಿತ್ತು. 1904ರ ಸುಮಾರಿಗೆ ವೇಲ್ಸ್‌ನ ಲಾನೆಲ್ಲಿ ಎಂಬ ಊರಿನ ಡೇವಿಸ್ ಸಹೋದರರು ಗಾಳಿ ತುಂಬಿದ ಟೈರನ್ನು ಅರೆಕಾಲುಗಳಿಲ್ಲದ ಒಂದು ಬಳೆಗೆ ಕೂರಿಸಿ, ಅದನ್ನು ಕೆಟ್ಟ ಚಕ್ರಕ್ಕೆ ಬಿಗಿಯುವ ಉಪಾಯ ಕಂಡುಹಿಡಿದರು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಬ್ರಿಟನ್ನಿನಲ್ಲಿ ಆ ಹೆಸರು ಬಹುತೇಕ ಮರೆತುಹೋಗಿದೆ. ನಮ್ಮ ಹಳ್ಳಿಯ ಟ್ರ್ಯಾಕ್ಟರ್ ಓಡಿಸುವವರ ಬಾಯಲ್ಲೂ ಅದು ಇನ್ನೂ ಬದುಕಿದೆ. ನೂರಿಪ್ಪತ್ತು ವರ್ಷ ಬಳಸಿ ಕನ್ನಡದ್ದೇ ಮಾಡಿಕೊಂಡ ಈ ಮಾತು ಸೂಚಿಸುವ ವಸ್ತುವೇ ಈಗ ಹೊಸ ಗಾಡಿಗಳಿಂದ ಕಾಣೆಯಾಗುತ್ತಿದೆ.

ಇದಕ್ಕೆ ಕಾನೂನಿನ ಒಪ್ಪಿಗೆಯೂ ಇದೆ. ಕೇಂದ್ರ ಸಾರಿಗೆ ಸಚಿವಾಲಯ 2020ರಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಟ್ಯೂಬ್‌ಲೆಸ್ ಟೈರು, ಅದನ್ನು ರಿಪೇರಿ ಮಾಡುವ ಕಿಟ್ಟು ಮತ್ತು ಟೈರಿನ ಗಾಳಿ ಇಳಿದರೆ ಡ್ರೈವರಿಗೆ ತಿಳಿಸುವ ವ್ಯವಸ್ಥೆ ಇದ್ದರೆ, ಮೂರೂವರೆ ಟನ್ನಿನೊಳಗಿನ ಪ್ರಯಾಣಿಕರ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಆ ವರ್ಷದ ಅಕ್ಟೋಬರ್ 1ರಿಂದ ಇದು ಜಾರಿಯಲ್ಲಿದೆ. ಎಲೆಕ್ಟ್ರಿಕ್ ಕಾರಿನಲ್ಲಿ ದೊಡ್ಡ ಬ್ಯಾಟರಿಗೆ ಜಾಗ ಸಿಗುತ್ತದೆ ಎಂಬುದೂ ಆಗ ಕೊಟ್ಟ ಕಾರಣಗಳಲ್ಲೊಂದು.

ಜಾಗದ ಮಾತು ಸುಳ್ಳಲ್ಲ. ನೆಲದ ಕೆಳಗೆಲ್ಲ ಬ್ಯಾಟರಿ, ಕೆಲವು ಕಾರುಗಳಲ್ಲಿ ಹಿಂದಿನ ಚಕ್ರಗಳ ನಡುವೆಯೇ ಮೋಟಾರು; ಡಿಕ್ಕಿಯ ತಳದಲ್ಲಿ ಚಕ್ರ ಮಲಗಿಸುವ ಗುಂಡಿಗೆ ಜಾಗವೇ ಉಳಿಯುವುದಿಲ್ಲ. ಆದರೆ ತೂಕ ಇಳಿದು ಚಾರ್ಜು ಹೆಚ್ಚು ದೂರ ಬರುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎಲೆಕ್ಟ್ರಿಕ್ ಕಾರು ಒಂದೂವರೆ ಟನ್ ತೂಗುತ್ತದೆ, ದೊಡ್ಡವು ಎರಡು ಟನ್ ಮುಟ್ಟುತ್ತವೆ. ತೆಳು ಸ್ಟೆಪ್ನಿಯ ತೂಕ ಹದಿನೈದು ಕಿಲೋ ಎಂದುಕೊಂಡರೂ ಅದು ನೂರಕ್ಕೆ ಒಂದು ಪಾಲು. ಊಟಿಗೆ ಹೊರಟ ಸಂಸಾರದ ಒಂದು ಸೂಟ್‌ಕೇಸು ಅದಕ್ಕಿಂತ ಭಾರ. ಚಕ್ರ ತೆಗೆದದ್ದರಿಂದ ನಿಜವಾಗಿ ಉಳಿಯುವುದು ತಯಾರಕರ ಖರ್ಚು. ಉಳಿಸಿಕೊಳ್ಳಲಿ, ತಪ್ಪಿಲ್ಲ. ಆ ಉಳಿತಾಯದ ಜೊತೆಗೇ ಅಪಾಯದ ಒಂದು ಪಾಲು ಕೊಳ್ಳುವವನ ತಲೆಗೆ ದಾಟಿತು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಅಂಟಿನ ಬಾಟಲಿಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ನೆಲಕ್ಕೆ ತಾಗುವ ಭಾಗದಲ್ಲಿ ಚುಚ್ಚಿದ ಮೊಳೆಯ ತೂತನ್ನು ಅದು ಮುಚ್ಚುತ್ತದೆ. ನಿಧಾನವಾಗಿ ಪಂಕ್ಚರ್ ಅಂಗಡಿ ಮುಟ್ಟಬಹುದು. ಪೇಟೆಯಲ್ಲಿ ಆಗುವ ಹೆಚ್ಚಿನ ಪಂಕ್ಚರುಗಳು ಅಂಥವೇ. ವಯಸ್ಸಾದವರಿಗೆ, ಸೊಂಟ ನೋವಿರುವವರಿಗೆ ಚಕ್ರ ಎತ್ತಿ ಕೂರಿಸುವುದಕ್ಕಿಂತ ಬಾಟಲಿ ಸಲೀಸು. ಸ್ಟೆಪ್ನಿ ಇದ್ದವರೆಲ್ಲ ಅದಕ್ಕೆ ಗಾಳಿ ಹೊಡೆಸುತ್ತಾರೆಯೇ? ಐದು ವರ್ಷ ಮುಟ್ಟದೆ ಇಟ್ಟು, ಬೇಕಾದ ದಿನ ತೆಗೆದರೆ ಅದೂ ಚಪ್ಪಟೆಯಾಗಿರುವುದನ್ನು ಎಷ್ಟು ಸಲ ಕಂಡಿಲ್ಲ! ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಬಾಟಲಿ ಸೈಡ್ ಕಟ್ಟಿಗೆ ಆಗುವುದಿಲ್ಲ, ಬಾಗಿದ ರಿಮ್ಮಿಗೆ ಆಗುವುದಿಲ್ಲ. ಅದರೊಳಗಿನ ದ್ರವಕ್ಕೆ ಅವಧಿಯಿದೆ. ತಾರೀಖು ಮೀರಿದರೆ ಗಟ್ಟಿಯಾಗುತ್ತದೆ. ಒಮ್ಮೆ ತುಂಬಿದ ಮೇಲೆ ಟೈರಿನ ಒಳಗೆಲ್ಲ ಮೆತ್ತಿಕೊಳ್ಳುವುದರಿಂದ ಅಂಗಡಿಯವರು ಮೊದಲು ಅದನ್ನು ತೊಳೆದು ಆಮೇಲೆ ತೇಪೆ ಹಾಕಬೇಕು. ಗುಡ್ಡದ ರಸ್ತೆಯಲ್ಲಿ ಟೈರನ್ನು ಕಾಡುವುದು ಮೊಳೆಗಿಂತ ಹೆಚ್ಚಾಗಿ ಮುರಿದ ಅಂಚು, ಮಳೆಗೆ ಕೊರೆದ ಗುಂಡಿ, ಧರೆಯಿಂದ ಉರುಳಿದ ಕಲ್ಲು. ಬೆಂಗಳೂರಿನ ರಿಂಗ್ ರೋಡಿಗೆ ಹೊಂದುವ ನಿಯಮ ಊಟಿಗೆ ಹತ್ತುವ ಕಲ್ಲಟ್ಟಿ ಘಾಟಿಯ 36 ತಿರುವುಗಳಿಗೆ ಹೊಂದಲೇಬೇಕೆಂದಿಲ್ಲ.

ಆದರೂ ಈ ಸೀಮೆಯಲ್ಲೇ ಸ್ಟೆಪ್ನಿಗಿಂತ, ಟೈರಿನ ಗಾಳಿ ಇಳಿದದ್ದನ್ನು ತಿಳಿಸುವ ಎಚ್ಚರಿಕೆಯ ದೀಪ ದೊಡ್ಡದಾಗುವ ದಾರಿಯೂ ಇದೆ. ಬಂಡೀಪುರ ದಾಟಿ, ಕೆಕ್ಕನಹಳ್ಳದ ಗಡಿ ದಾಟಿ, ತೆಪ್ಪಕಾಡಿನವರೆಗೆ, ಅಲ್ಲಿಂದ ಎಡಕ್ಕೆ ಮಸಿನಗುಡಿಯವರೆಗೆ ಹುಲಿ ಸಂರಕ್ಷಿತ ಕಾಡು. ಅಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ. ಚಕ್ರ ಬದಲಿಸಲು ಕಾಡಿಗೆ ಬೆನ್ನು ಹಾಕಿ ಇಪ್ಪತ್ತು ನಿಮಿಷ ಕುಕ್ಕರಗಾಲಲ್ಲಿ ಕೂರುವುದೆಂದರೆ, ಆನೆ ಓಡಾಡುವ ಜಾಗದಲ್ಲಿ, ಅದು ಧೈರ್ಯವಲ್ಲ, ತಿಳಿಗೇಡಿತನ. ಗಾಳಿ ಇಳಿಯುತ್ತಿದೆ ಎಂದು ಪರದೆಯ ಮೇಲೆ ಮೊದಲೇ ಗೊತ್ತಾದರೆ ಹಾಗೇ ನಿಧಾನ ಓಡಿಸಿ ಚೆಕ್‌ಪೋಸ್ಟ್ ಸೇರಬಹುದು. ಪೂರಾ ಗಾಳಿ ಹೋಗಿದ್ದರೂ ನಡಿಗೆಯ ವೇಗದಲ್ಲಿ ಸ್ವಲ್ಪ ದೂರ ಉರುಳಿಸಬಹುದು. ಟೈರು ಹಾಳಾಗುತ್ತದೆ, ಆಗಲಿ. ಎಚ್ಚರಿಕೆಯ ವ್ಯವಸ್ಥೆಯನ್ನು ಸೇರಿಸಿದ್ದು 2020ರ ನಿಯಮ ಮಾಡಿದ ಒಳ್ಳೆಯ ಕೆಲಸ. ಒಂದು ಮಾತು ಮಾತ್ರ ನೆನಪಿರಲಿ: ಡಿಸೆಂಬರ್, ಜನವರಿಯ ಊಟಿಯಲ್ಲಿ ಹುಲ್ಲಿನ ಮೇಲೆ ಹಿಮ ಕೂತ ಬೆಳಿಗ್ಗೆ ಆ ದೀಪ ಹತ್ತಿದರೆ ಗಾಬರಿಯಾಗಬೇಡಿ. ಹತ್ತು ಡಿಗ್ರಿ ಚಳಿ ಏರಿದರೆ ಟೈರಿನ ಗಾಳಿ ಒಂದೂವರೆ ಎರಡು ಪಿಎಸ್‌ಐ ತಾನಾಗಿ ಇಳಿಯುತ್ತದೆ. ನಾಲ್ಕೂ ಚಕ್ರದಲ್ಲಿ ಒಂದೇ ಸಮ ಇಳಿದಿದ್ದರೆ ಅದು ಚಳಿ. ಒಂದರಲ್ಲಿ ಮಾತ್ರ ಇಳಿದಿದ್ದರೆ ಪಂಕ್ಚರು.

ಹಾಗಾದರೆ ದೀಪ ಬೇಕು, ಚಕ್ರವೂ ಬೇಕು. ಒಂದು ಬಂತೆಂದು ಇನ್ನೊಂದನ್ನು ಕಿತ್ತುಕೊಂಡದ್ದರಲ್ಲಿ ತರ್ಕ ಕಾಣುವುದಿಲ್ಲ.

ಇನ್ನು ದುರಸ್ತಿಯ ಕಡೆ. ನಮ್ಮ ಪಂಕ್ಚರ್ ಅಂಗಡಿಯವರ ಕೈಚಳಕ ದೊಡ್ಡದು, ಆದರೆ ಎಲೆಕ್ಟ್ರಿಕ್ ಕಾರು ಅವರಿಗೂ ಹೊಸದು. ಅಭ್ಯಾಸಬಲದಿಂದ ಜಾಕನ್ನು ಎಲ್ಲೋ ಕೊಟ್ಟು ಎತ್ತಿದರೆ ಭಾರವೆಲ್ಲ ಬ್ಯಾಟರಿಯ ಪೆಟ್ಟಿಗೆಯ ಮೇಲೆ ಬೀಳುತ್ತದೆ. ಜಾಕು ಕೊಡಬೇಕಾದ ಜಾಗಕ್ಕೆ ಗುರುತಿರುತ್ತದೆ. ಪಕ್ಕದಲ್ಲಿ ನಿಂತು ತೋರಿಸಿ. ಕೆಲವು ಟೈರುಗಳ ಒಳಗೆ ಸದ್ದು ತಗ್ಗಿಸಲು ಸ್ಪಂಜಿನ ಪದರ ಅಂಟಿಸಿರುತ್ತಾರೆ. ಅಲ್ಲಿ ಸುಮ್ಮನೆ ತೇಪೆ ಹಾಕಿದರೆ ಹಿಡಿಯುವುದಿಲ್ಲ, ಆ ಭಾಗದ ಸ್ಪಂಜನ್ನು ಕೆರೆದು ತೆಗೆಯಬೇಕು. ಮೋಟಾರಿಗೆ ಸೇರಿದ ಚಕ್ರಗಳನ್ನು ನೆಲಕ್ಕೆ ಬಿಟ್ಟು ಹಗ್ಗ ಕಟ್ಟಿ ಎಳೆಯುವಂತಿಲ್ಲ. ಚಕ್ರ ತಿರುಗಿದರೆ ಮೋಟಾರೂ ತಿರುಗಿ ವಿದ್ಯುತ್ ಹುಟ್ಟುತ್ತದೆ, ಒಳಗಿನ ಸಾಮಾನು ಸುಡಬಹುದು. ಹಾಗಾಗಿ ಇಡೀ ಕಾರನ್ನು ಹೊತ್ತೊಯ್ಯುವ ಲಾರಿಯೇ ಬೇಕು. ಜೀಪಿಗೆ ಕಟ್ಟಿ ಎಳೆದು ತರುವ ಮಲೆನಾಡಿನ ಹಳೆಯ ಉಪಕಾರ ಇಲ್ಲಿ ನಡೆಯುವುದಿಲ್ಲ. ಸ್ಟೆಪ್ನಿಯ ಬೆಲೆ ಎಲೆಕ್ಟ್ರಿಕ್ ಕಾರಿನಲ್ಲಿ ಇಳಿಯುವುದಿಲ್ಲ, ಏರುತ್ತದೆ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ನೀಲಗಿರಿಯ ಆಡಳಿತದ ಮುಂದೂ ಒಂದು ಮಾತು ಇಡಬೇಕಾಗಿದೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಹೊರಗಿನ ಗಾಡಿಗಳಿಗೆ ಇ-ಪಾಸ್ ಬೇಕು. 2025ರ ಬೇಸಿಗೆಗೆ ಕೋರ್ಟು ವಾರದ ದಿನ 6,000, ವಾರಾಂತ್ಯದಲ್ಲಿ 8,000 ಗಾಡಿಗಳ ಮಿತಿ ಹಾಕಿತು. ಎಲೆಕ್ಟ್ರಿಕ್ ಗಾಡಿಗಳಿಗೆ ಆದ್ಯತೆ ಕೊಡಿ ಎಂದೂ ಹೇಳಿತು. ಆ ಬೆಟ್ಟದ ಗಾಳಿ, ಶೋಲಾ ಕಾಡು, ಅಲ್ಲಿನ ಜನ ಎಷ್ಟು ಹೊಗೆ ಕುಡಿದಿದ್ದಾರೆಂದು ಕಂಡವರಿಗೆ ಇದು ನ್ಯಾಯವಾದ ಮಾತು. ಆದರೆ ಕರೆದ ಅತಿಥಿಗೆ ಚಾರ್ಜರ್ ಒಂದಿದ್ದರೆ ಸಾಲದು. ಗೂಡಲೂರಿನಲ್ಲಿ ಒಂದು, ಊಟಿಯಲ್ಲಿ ಒಂದು ಕಾರು ಹೊರುವ ಲಾರಿ ಹಗಲೂ ರಾತ್ರಿ ಸಿಗುವಂತಿರಲಿ. ಅಂಗಡಿಯವರಿಗೆ ಒಂದು ದಿನದ ತರಬೇತಿ ಕೊಡಿಸಲಿ. ಅದಕ್ಕೆ ದೊಡ್ಡ ಯೋಜನೆ ಬೇಕಿಲ್ಲ.

ಗುಂಡ್ಲುಪೇಟೆಯಂಥ ಕಡೆ ಠೇವಣಿ ಇಟ್ಟುಕೊಂಡು ಸ್ಟೆಪ್ನಿ ಬಾಡಿಗೆಗೆ ಕೊಟ್ಟರೆ ಹೇಗೆ ಎಂದು ಗೆಳೆಯರೊಬ್ಬರು ಕೇಳಿದರು. ಒಳ್ಳೆಯ ಯೋಚನೆ, ಆದರೆ ಚಕ್ರ ಎಲ್ಲರಿಗೂ ಹೊಂದುವ ವಸ್ತುವಲ್ಲ. ಬೋಲ್ಟು ನಾಲ್ಕೋ ಐದೋ, ಅವುಗಳ ನಡುವಿನ ಅಂತರ ಎಷ್ಟು, ನಡುವಿನ ತೂತು ಎಷ್ಟು, ರಿಮ್ಮಿನ ಒಳಗೆ ಬ್ರೇಕಿಗೆ ಜಾಗವಿದೆಯೇ, ಎಲ್ಲ ಕೂಡಿಬರಬೇಕು. ಅದು ನಿಮ್ಮ ಕಾರಿಗೆ ಅಂತ ಮೊದಲೇ ಹಾಕಿ ನೋಡಿದ ಚಕ್ರವೇ ಆಗಬೇಕು. ಆದ್ದರಿಂದ ಈ ಹೊಣೆ ಮೊದಲು ತಯಾರಕರದು. ಕಾರಿನೊಳಗೆ ಜಾಗವಿಲ್ಲದಿದ್ದರೆ ಬೇಡ. ಆ ಮಾದರಿಗೆ ಹೊಂದುವ ತೆಳು ಸ್ಟೆಪ್ನಿ, ಜಾಕು, ಡಿಕ್ಕಿಯಲ್ಲಿ ಅಲುಗದಂತೆ ಬಿಗಿಯುವ ಪಟ್ಟಿ ಇಷ್ಟನ್ನು ಬೆಲೆ ಹೇಳಿ ಮಾರಲಿ. ಬೇಕಾದವರು ಕೊಳ್ಳುತ್ತಾರೆ. ಸ್ಟೆಪ್ನಿ ಇಲ್ಲ ಎಂಬುದನ್ನು ಕಾರು ಬುಕ್ ಮಾಡುವಾಗಲೇ ಕನ್ನಡದಲ್ಲಿ, ಕಾಣುವ ಅಕ್ಷರದಲ್ಲಿ ಬರೆದು ತಿಳಿಸಲಿ.

ನಾನು ಈಗ ಅಂಥದ್ದೊಂದು ತೆಳು ಚಕ್ರ ಹೊಂದಿಸಿಕೊಂಡಿದ್ದೇನೆ. ದಿನನಿತ್ಯದ ಓಡಾಟಕ್ಕೆ ಅದು ಮನೆಯಲ್ಲೇ ಇರುತ್ತದೆ. ಘಾಟಿ ಹತ್ತುವ ದಿನ ಡಿಕ್ಕಿಗೆ ಬರುತ್ತದೆ. ಅದನ್ನು ಹಾಕಿದ ಮೇಲೆ ಗಂಟೆಗೆ 80 ಕಿಲೋಮೀಟರ್ ಮೀರುವಂತಿಲ್ಲ, ಘಾಟಿಯಲ್ಲಿ ಅದರ ಅರ್ಧವೇ ಹೆಚ್ಚು. ಅಳತೆ ಚಿಕ್ಕದಾದ್ದರಿಂದ ಮೋಟಾರಿಗೆ ಸೇರಿದ ಚಕ್ರದ ಜಾಗಕ್ಕೆ ಹಾಕದಿರುವುದು ಒಳ್ಳೆಯದು. ಮೋಟಾರು ಮುಂದಿನ ಚಕ್ರಗಳಿಗಿದ್ದು, ಮುಂದಿನದು ಪಂಕ್ಚರಾದರೆ ಹಿಂದಿನ ಒಳ್ಳೆಯ ಚಕ್ರವನ್ನು ಮುಂದಕ್ಕೆ ತಂದು, ತೆಳುವಾದದ್ದನ್ನು ಹಿಂದಕ್ಕೆ ಹಾಕಬೇಕು. ಇದನ್ನು ಮನೆಯ ಅಂಗಳದಲ್ಲಿ ಒಮ್ಮೆ ಮಾಡಿ ನೋಡಿದ್ದೇನೆ. ಮೊದಲ ಸಲಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

ಮೈಸೂರಿನಿಂದಾಗಲಿ, ಚಾಮರಾಜನಗರದಿಂದಾಗಲಿ ಎಲೆಕ್ಟ್ರಿಕ್ ಕಾರಿನಲ್ಲಿ ಊಟಿಗೆ ಹೊರಡುವವರಲ್ಲಿ ನನ್ನದು ಒಂದೇ ಕೋರಿಕೆ. ಇವತ್ತು ಸಂಜೆ ಡಿಕ್ಕಿಯ ಹಲಗೆ ಎತ್ತಿ ನೋಡಿ. ಅಲ್ಲಿ ಇರುವುದು ಚಕ್ರವೋ, ಬಾಟಲಿಯೋ? ಬಾಟಲಿಯಾದರೆ ಅದರ ಮೇಲಿನ ತಾರೀಖು ಓದಿ.